ಕಪ್ಪಿನಲ್ಲಿ ಸಿಕ್ಕ ಬಿಲ್ಲೆ: ಹಳೇ ಲೋಹದ ತುಂಡನ್ನು ಓದುವುದು ಹೇಗೆ?

ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಕಪ್ಪು ತೆಗೆಸುತ್ತಿದ್ದೆವು. ಬಯಲುಸೀಮೆಯವರಿಗಾಗಿ ಹೇಳುತ್ತೇನೆ: ಕಪ್ಪು ಅಂದರೆ ಅಡಿಕೆ ಸಾಲುಗಳ ನಡುವೆ ಮಳೆನೀರು ಬಸಿದು ಹೋಗಲಿ ಎಂದು ತೋಡುವ ಕಾಲುವೆ. ವರ್ಷ ವರ್ಷ ಹೂಳು ತುಂಬುತ್ತದೆ, ಎತ್ತಬೇಕು. ಹಾಗೆ ಎತ್ತುವಾಗ ಗುದ್ದಲಿಗೆ ಟಣ್ ಎಂದು ಏನೋ ತಾಗಿತು. ತೆಗೆದು ನೋಡಿದರೆ ಮೊಟ್ಟೆಯಾಕಾರದ ಲೋಹದ ತುಂಡು. ನಾಲ್ಕೂವರೆ ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲ. ಎರಡು ತುದಿಗೆ ಎರಡು ತೂತು. ಮೈಯೆಲ್ಲ ಹಸಿರು ಮಿಶ್ರಿತ ಕಪ್ಪು. ಮೇಲೆ ಏನೋ ಬರೆದಿದೆ, ಆದರೆ ಓದಲಾಗುತ್ತಿಲ್ಲ.

ಐದು ನಿಮಿಷದಲ್ಲಿ ತೋಟದಲ್ಲಿದ್ದವರೆಲ್ಲ ಸುತ್ತ ನಿಂತರು. ಒಬ್ಬರು ಚಿನ್ನವೇ ಇರಬೇಕು ಎಂದರು. ಇನ್ನೊಬ್ಬರು, ಯಾರೋ ಮಾಡಿಸಿ ಹೂತಿಟ್ಟ ಯಂತ್ರದ ತಗಡು, ಕೈಯಲ್ಲಿ ಹಿಡೀಬೇಡಿ ಎಂದರು. ಮಿಲಿಟರಿಯವರು ಕುತ್ತಿಗೆಗೆ ಹಾಕಿಕೊಳ್ಳುವ ಬಿಲ್ಲೆ ಎಂದು ಮೂರನೆಯವರು ಹೇಳಿದರು. ಮೂರೂ ತಪ್ಪು ಎಂದು ಗೊತ್ತಾಗಲು ನನಗೆ ಸುಮಾರು ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ತೋಟ ಅಗೆಯುವಾಗ, ಹಳೇ ಮನೆ ಕೆಡಹುವಾಗ, ಹೊಳೆ ಬತ್ತಿದಾಗ ಇಂಥ ತುಂಡುಗಳು ಎಷ್ಟೋ ಜನರಿಗೆ ಸಿಗುತ್ತವೆ. ಹೆಚ್ಚಿನವು ಒಂದೋ ಗುಜರಿಗೆ ಹೋಗುತ್ತವೆ, ಇಲ್ಲವೇ ಹುಣಸೆಹಣ್ಣು ಹಾಕಿ ತಿಕ್ಕಿಸಿಕೊಂಡು ಹಾಳಾಗುತ್ತವೆ.

ಹುಣಸೆಹಣ್ಣಿನ ವಿಷಯವನ್ನೇ ಮೊದಲು ಹೇಳಬೇಕು. ಹಿತ್ತಾಳೆ ಕಂಡ ಕೂಡಲೇ ನಮ್ಮ ಕೈ ಹುಣಸೆಹಣ್ಣಿಗೋ ವಾಟೆಹುಳಿಗೋ ಹೋಗುತ್ತದೆ. ದೇವರ ದೀಪಕ್ಕೆ ಅದು ಸರಿ. ಮಣ್ಣಿನಿಂದ ಬಂದ ತುಂಡಿಗೆ ಬೇಡವೇ ಬೇಡ. ಮೇಲಿರುವ ಹಸಿರು ಪದರ ಕೊಳೆಯಲ್ಲ. ಅದು ಆ ಲೋಹದ್ದೇ ಬದಲಾದ ಮೇಲ್ಮೈ. ಅಕ್ಷರ ಆಳವಿಲ್ಲದೆ ಒತ್ತಿದ್ದರೆ ಅದರ ಗುರುತು ಎಷ್ಟೋ ಸಲ ಆ ಪದರದಲ್ಲಿ ಮಾತ್ರ ಉಳಿದಿರುತ್ತದೆ. ಹುಳಿ ಹಾಕಿದರೆ ಪದರ ಕರಗುತ್ತದೆ, ಜೊತೆಗೆ ಬರಹವೂ ಹೋಗುತ್ತದೆ. ಆಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಹೊಳೆಯುವ ಖಾಲಿ ತಗಡು. ಬರೀ ನೀರು, ಮೆತ್ತಗಿನ ಬ್ರಷ್, ಮಣ್ಣು ಕೆದಕಲು ಒಂದು ಬಿದಿರ ಕಡ್ಡಿ, ಇಷ್ಟು ಸಾಕು. ಪಿನ್ನು, ಚಾಕು ಬೇಡ. ತೊಳೆದ ಮೇಲೆ ನೆರಳಲ್ಲಿ ಚೆನ್ನಾಗಿ ಒಣಗಿಸಿ. ತೆಳು ಹಸಿರಿನ ಪುಡಿ ಉದುರುತ್ತಲೇ ಇದ್ದರೆ ಲೋಹ ಒಳಗಿನಿಂದ ಇನ್ನೂ ತಿನ್ನಿಸಿಕೊಳ್ಳುತ್ತಿದೆ ಎಂದರ್ಥ. ಅಂಥದ್ದನ್ನು ಪಸೆ ತಾಗದ ಡಬ್ಬಿಯಲ್ಲಿ ಇಡಬೇಕು. ನಮ್ಮ ಮಳೆಗಾಲದಲ್ಲಿ ಇದು ಸುಲಭವಲ್ಲ, ಆದರೂ ಇಡಬೇಕು.

ತೊಳೆಯುವುದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಅದರ ಪಕ್ಕ ಏನೇನಿತ್ತು ಎಂದು ಅಲ್ಲೇ ನಿಂತು ಬರೆದುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆಯಿರಿ. ಇದು ಸುಮ್ನೆ ಹೇಳುವ ಮಾತಲ್ಲ, ಕಾಲ ಹಿಡಿಯಲು ಪಕ್ಕದ ವಸ್ತುಗಳೇ ಎಷ್ಟೋ ಸಲ ದಾರಿ. ಅದೇ ಹದದ ಮಣ್ಣಿನಲ್ಲಿ, ಆಮೇಲೆ ಯಾರೂ ಕೆದಕದ ಜಾಗದಲ್ಲಿ, ಮಂಗಳೂರು ಹೆಂಚಿನ ಚೂರು ಇದ್ದರೆ ಆ ಮಣ್ಣು ಅಲ್ಲಿ ಕೂತದ್ದು 1865ರ ನಂತರ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಆ ವರ್ಷ. ಗೋಲಿ ಸೋಡಾ ಬಾಟಲಿಯ ದಪ್ಪ ಗಾಜು ಸಿಕ್ಕರೆ 1872ಕ್ಕಿಂತ ಹಿಂದೆ ಹೋಗುವಂತಿಲ್ಲ, ಆ ಬಾಟಲಿಗೆ ಪೇಟೆಂಟ್ ಸಿಕ್ಕಿದ್ದೇ ಆಗ. ನಡುವೆ ದೊಡ್ಡ ತೂತಿರುವ, ವಾಷರ್ ಥರ ಕಾಣುವ ತಾಮ್ರದ ಬಣ್ಣದ ಕಾಸು ಸಿಕ್ಕರೆ ಅದನ್ನು ಎಸೆಯಬೇಡಿ. ಅದು 1943ರಿಂದ 1947ರವರೆಗೆ ಟಂಕಿಸಿದ ಒಂದು ಪೈಸೆ. ನಮ್ಮ ಬಿಲ್ಲೆಯ ಜೊತೆ ಸಿಕ್ಕಿದ್ದು ಹೆಂಚಿನ ಎರಡು ಚೂರು ಮಾತ್ರ. ಆದರೆ ಕಪ್ಪು ಅಂದರೆ ವರ್ಷ ವರ್ಷ ಅಗೆಸಿಕೊಳ್ಳುವ ಜಾಗ. ಅಲ್ಲಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿರುತ್ತದೆ. ಹಾಗಾಗಿ ಆ ಚೂರುಗಳನ್ನು ನಾನು ಜಾಸ್ತಿ ನಂಬಲಿಲ್ಲ.

ಮುಂದಿನ ಪ್ರಶ್ನೆ, ಇದು ಯಾವ ಲೋಹ?

ಬಣ್ಣ ನೋಡಿ ಹೇಳುತ್ತೇನೆ ಎಂದು ಹೊರಟರೆ ಮಲೆನಾಡಿನ ಮಣ್ಣು ಮೋಸ ಮಾಡುತ್ತದೆ. ನಮ್ಮದು ಜಂಬಿಟ್ಟಿಗೆಯ ಹುಳಿ ಮಣ್ಣು, ಮೇಲಿಂದ ಸುರಿಯುವ ಮಳೆಯೋ ಅಷ್ಟಿಷ್ಟಲ್ಲ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಬೆರಕೆ. ಇಂಥ ಒದ್ದೆ ಮಣ್ಣಿನಲ್ಲಿ ಸತು ಮೊದಲು ಕರಗಿ ಹೋಗುತ್ತದೆ, ತಾಮ್ರ ಉಳಿಯುತ್ತದೆ. ಆಗ ಹಿತ್ತಾಳೆಯ ಮೇಲೆ ಕೆಂಪು ಕಲೆಗಳು ಎದ್ದು, ನೋಡಿದವರು ತಾಮ್ರ ಅಂದುಕೊಳ್ಳುತ್ತಾರೆ. ಗದ್ದೆಯ ಕೆಸರಿನಲ್ಲಿ ಗಾಳಿ ಆಡುವುದಿಲ್ಲ, ಅಲ್ಲಿ ಹಿತ್ತಾಳೆ ಕಪ್ಪಾಗಿ ಹೊರಬರುತ್ತದೆ. ಅಲ್ಯೂಮಿನಿಯಂ ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ. ಕಬ್ಬಿಣ ಸುತ್ತಲಿನ ಕೆಂಪು ಮಣ್ಣನ್ನೇ ಹಿಡಿದುಕೊಂಡು ಕಲ್ಲಿನಂತೆ ಆಗುತ್ತದೆ.

ಬಣ್ಣಕ್ಕಿಂತ ತೂಕ ನಂಬಬಹುದು. ಒಂದು ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ತಕ್ಕಡಿ ಬೇಕು, ಊರಿನ ಅಕ್ಕಸಾಲಿಗರ ಹತ್ತಿರ ಇರುತ್ತದೆ. ಮೊದಲು ಬಿಲ್ಲೆಯನ್ನು ಹಾಗೇ ತೂಗಿ. ನಂತರ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಬಿಲ್ಲೆಗೆ ದಾರ ಕಟ್ಟಿ ನೀರಿನೊಳಗೆ ಇಳಿಬಿಡಿ. ತಳಕ್ಕೂ ಬದಿಗೂ ತಾಗಬಾರದು, ದಾರ ನಿಮ್ಮ ಕೈಯಲ್ಲೇ ಇರಬೇಕು. ಈಗ ತಕ್ಕಡಿ ತೋರಿಸುವ ಸಂಖ್ಯೆ, ಬಿಲ್ಲೆ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ. ನಮ್ಮದು 13.6 ಗ್ರಾಂ ಇತ್ತು. ನೀರಿನಲ್ಲಿ ಇಳಿಬಿಟ್ಟಾಗ 1.6 ತೋರಿಸಿತು. ಭಾಗಿಸಿದರೆ 8.5. ಹಿತ್ತಾಳೆ ಬರುವುದೇ ಇಲ್ಲಿ, 8.4ರಿಂದ 8.7ರ ನಡುವೆ. ಅಚ್ಚ ತಾಮ್ರವಾಗಿದ್ದರೆ 8.9ರ ಹತ್ತಿರ ಬರಬೇಕಿತ್ತು. ಕಬ್ಬಿಣ 7.9, ಬೆಳ್ಳಿ 10.5, ಸೀಸ 11.3, ಅಲ್ಯೂಮಿನಿಯಂ ಬರೀ 2.7. ಚಿನ್ನ 19ನ್ನು ದಾಟುತ್ತದೆ. ತಕ್ಕಡಿಯ ಮುಂದೆ ಚಿನ್ನದ ಮಾತು ಅಲ್ಲಿಗೇ ನಿಂತಿತು.

ಲೋಹವೇ ಕೆಲವೊಮ್ಮೆ ಕಾಲವನ್ನೂ ಹೇಳುತ್ತದೆ. ಅಲ್ಯೂಮಿನಿಯಂ ಅನ್ನು ಅಗ್ಗವಾಗಿ ತೆಗೆಯುವ ವಿಧಾನ ಗೊತ್ತಾದದ್ದು 1886ರಲ್ಲಿ. ಹಾಗಾಗಿ ಅಲ್ಯೂಮಿನಿಯಂ ಬಿಲ್ಲೆ ಸಿಕ್ಕರೆ ಅದು ಕೆಳದಿ ನಾಯಕರ ಕಾಲದ್ದಾಗಲು ಸಾಧ್ಯವೇ ಇಲ್ಲ.

ಇನ್ನು ತೂತು. ನನ್ನ ಮಟ್ಟಿಗೆ ಇಡೀ ಬಿಲ್ಲೆಯಲ್ಲಿ ಜಾಸ್ತಿ ಮಾತಾಡುವ ಜಾಗ ಅದೇ. ಮೇಲ್ಗಡೆ ಒಂದೇ ತೂತಿದ್ದು, ಅದರ ಮೇಲಂಚು ಸವೆದಿದ್ದರೆ ಅದು ಉಂಗುರಕ್ಕೋ ಮೊಳೆಗೋ ನೇತುಹಾಕಿದ್ದ ಬಿಲ್ಲೆ. ಬೀಗದ ಕೈ, ಕೆಲಸಗಾರರ ಟೋಕನ್, ನಾಯಿಯ ಕತ್ತಿನ ಲೈಸೆನ್ಸ್ ಎಲ್ಲ ಈ ಜಾತಿ. ಎರಡು ತುದಿಗೆ ತೂತಿದ್ದರೆ ಎಲ್ಲಿಗೋ ಬಿಗಿದದ್ದು. ಹಿಂದೆ ಕೊಂಡಿಗಳಿದ್ದರೆ ಬಟ್ಟೆಗೋ ಪಟ್ಟಿಗೋ ಹಾಕಿದ್ದು. ಹಳೇ ಕಚೇರಿಗಳ ಜವಾನರು ಎದೆಗೆ ಅಡ್ಡ ಹಾಕುತ್ತಿದ್ದ ಡವಾಲಿಯ ಬಿಲ್ಲೆ ಹೀಗಿರುತ್ತದೆ. ಉದ್ದ ಪಟ್ಟಿಯಾಗಿದ್ದು ಒಂದು ತುದಿ ಚೂಪಾಗಿ ಮಡಿಚಿಕೊಂಡಿದ್ದರೆ ಅದು ದನದ ಕಿವಿಗೆ ಚುಚ್ಚಿದ್ದು. ಇನ್ಷೂರೆನ್ಸ್ ಮಾಡಿಸಿದ ಹಸುಗಳಿಗೆ ನಂಬರ್ ಒತ್ತಿದ ಇಂಥ ಲೋಹದ ಓಲೆ ಹಾಕುತ್ತಿದ್ದರು. ಹಳೇ ಗಾಡಿ ದಾರಿಯ ಪಕ್ಕ ಅರ್ಧಚಂದ್ರದಂಥ ತೆಳು ಕಬ್ಬಿಣ, ಅಂಚಿನಲ್ಲಿ ಸಾಲಾಗಿ ತೂತು, ಇಂಥದ್ದು ಸಿಕ್ಕರೆ ಅದು ಬಿಲ್ಲೆಯೇ ಅಲ್ಲ, ಎತ್ತಿನ ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡು ತುಂಡು ಹೊಡೆಯಬೇಕು. ಕುದುರೆ ಲಾಳವನ್ನು ಮಾತ್ರ ನೋಡಿದವರಿಗೆ ಇದು ಗುರುತೇ ಸಿಗುವುದಿಲ್ಲ.

ನಮ್ಮ ಬಿಲ್ಲೆಯ ಎರಡೂ ತೂತಿನ ಸುತ್ತ ತುಕ್ಕಿನ ಕಲೆ ಇತ್ತು. ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲ ಅಲ್ವಾ? ಅಂದರೆ ಅಲ್ಲಿ ಕಬ್ಬಿಣದ ಸ್ಕ್ರೂ ಅಥವಾ ತಂತಿ ಇತ್ತು. ಇನ್ನೊಂದು ಸಂಗತಿಯನ್ನು ನಾನು ಮೊದಲು ಗಮನಿಸಿರಲಿಲ್ಲ. ಮೇಜಿನ ಮೇಲೆ ಇಟ್ಟರೆ ಬಿಲ್ಲೆ ಸ್ವಲ್ಪ ಅಲ್ಲಾಡುತ್ತಿತ್ತು. ಅದು ಚಪ್ಪಟೆ ಇರಲಿಲ್ಲ, ಬಾಗಿತ್ತು. ಗುದ್ದಲಿ ಪೆಟ್ಟಿಗೆ ಬಾಗಿದ್ದರೆ ಒಂದು ಕಡೆ ಮುರುಟಿರಬೇಕು. ಇದು ಎರಡೂ ಕಡೆ ಸಮನಾಗಿ, ಒಂದು ಕೊಳವೆಯನ್ನು ಅಪ್ಪಿಕೊಳ್ಳುವಂತೆ ಬಾಗಿತ್ತು. ಕೊಳವೆಯ ಮೇಲೆ ಬಿಗಿದ ಬಿಲ್ಲೆ ಎಂದು ಬರೆದುಕೊಂಡೆ. ಯಾವ ಕೊಳವೆ ಎಂದು ಆಗ ಹೊಳೆದಿರಲಿಲ್ಲ.

ಅಕ್ಷರ ಓದಲು ಬೇಕಾದದ್ದು ಕತ್ತಲ ಕೋಣೆ ಮತ್ತು ಒಂದು ಟಾರ್ಚು. ಬೆಳಕು ಮೇಲಿಂದ ಬಿಟ್ಟರೆ ಏನೂ ಕಾಣದು. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ, ಬಿಲ್ಲೆಯ ಮೇಲೆ ಬೆಳಕು ಸವರಿ ಹೋಗುವಂತೆ ಹಿಡಿಯಿರಿ. ಸಂಜೆ ಬಿಸಿಲಿನಲ್ಲಿ ಗದ್ದೆಯ ಅಂಚುಗಳು ಉದ್ದ ನೆರಳು ಬಿಟ್ಟು ಎದ್ದು ಕಾಣುತ್ತವಲ್ಲ, ಹಾಗೆ ಸವೆದ ಅಕ್ಷರಗಳ ಅಂಚು ನೆರಳು ಬಿಡುತ್ತದೆ. ನಾಲ್ಕೂ ದಿಕ್ಕಿನಿಂದ ಬೆಳಕು ಹಿಡಿದು ನಾಲ್ಕು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಮೆಲ್ಲಗೆ ಉಜ್ಜುವುದೂ ಒಳ್ಳೇದೇ, ಶಾಲೆಯಲ್ಲಿ ನಾಣ್ಯದ ಚಿತ್ರ ತೆಗೆದ ಹಾಗೆ.

ಓದುವಾಗ ಅಕ್ಷರವನ್ನು ಹೇಗೆ ಮೂಡಿಸಿದ್ದಾರೆ ಎಂದೂ ನೋಡಬೇಕು. ಕೈಯಿಂದ ಒಂದೊಂದೇ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದಿದ್ದರೆ ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ ಇರುತ್ತವೆ, ಹಿಂಬದಿಯಲ್ಲಿ ಉಬ್ಬು ಕಾಣುತ್ತದೆ. ಯಂತ್ರದ ಅಚ್ಚಿನಲ್ಲಿ ಒತ್ತಿದ್ದರೆ ಎಲ್ಲ ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ. ಎರಕ ಹೊಯ್ದದ್ದಾದರೆ ಮೈಮೇಲೆ ಮರಳಿನ ಗುರುತು. ಕೆಲವೊಮ್ಮೆ ಅಕ್ಷರಗಳು ಕನ್ನಡಿಯಲ್ಲಿ ನೋಡಿದಂತೆ ತಿರುಗಿರುತ್ತವೆ. ಆಗ ಅದು ಬಿಲ್ಲೆಯಲ್ಲ, ಮೊಹರು. ನಮ್ಮ ಕಡೆ ಕಾಡಿನಂಚಿನಲ್ಲಿ ದಪ್ಪ ಕಬ್ಬಿಣದ ಗುಂಡಿನ ಮೇಲೆ ತಿರುಗಿದ ಅಕ್ಷರ ಸಿಕ್ಕರೆ, ಕಡಿದ ದಿಮ್ಮಿಗಳಿಗೆ ಗುರುತು ಹೊಡೆಯುವ ಅರಣ್ಯ ಇಲಾಖೆಯ ಸುತ್ತಿಗೆಯ ತಲೆ ಇರಬಹುದು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಇಲಾಖೆಗೆ ತಿಳಿಸಿ.

ಇನ್ನೊಂದು ಜೋಡಿಯಂತೂ ಬಹಳ ಮುಖ್ಯ. ಹೆಸರು ಯಂತ್ರದ ಅಚ್ಚಿನಲ್ಲಿ ನೀಟಾಗಿದ್ದು, ನಂಬರ್ ಮಾತ್ರ ಕೈಯಲ್ಲಿ ಹೊಡೆದಿದ್ದರೆ ಅದರ ಅರ್ಥ ಏನು? ಒಂದೇ ಥರದ ಬಿಲ್ಲೆ ರಾಶಿ ರಾಶಿ ಮಾಡಿಸಿ, ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ನಂಬರ್ ಹಾಕಿ ಕೊಟ್ಟಿದ್ದಾರೆ. ಕೊಟ್ಟ ಮೇಲೆ ಯಾರಿಗೆ ಯಾವ ನಂಬರ್ ಎಂದು ಎಲ್ಲೋ ಬರೆದಿಟ್ಟಿದ್ದಾರೆ. ನಂಬರ್ ಇರುವ ಪ್ರತಿ ಬಿಲ್ಲೆಯೂ ಒಂದು ರಿಜಿಸ್ಟರಿನ ಸಾಲು. ಈ ಮಾತು ಹೊಳೆದ ದಿನದಿಂದ, ಇದು ಏನು ಎಂದು ಕೇಳುವುದನ್ನು ಬಿಟ್ಟು ಇದನ್ನು ಯಾರು, ಯಾರಿಗೆ, ಯಾಕೆ ಕೊಟ್ಟರು ಎಂದು ಕೇಳತೊಡಗಿದೆ. ಹುಡುಕಾಟಕ್ಕೆ ದಾರಿ ಸಿಕ್ಕಿದ್ದು ಆಗ.

ಕೊಟ್ಟವರು ಯಾರು ಎಂದು ತಿಳಿಯಲು ಹೆಸರುಗಳು, ಮೊದಲಕ್ಷರಗಳು ಬೇಕು. ನಮ್ಮ ಸೀಮೆಯ ಹೆಸರುಗಳು ಎಷ್ಟು ಸಲ ಬದಲಾಗಿವೆ ಎಂದರೆ, ಪ್ರತಿ ಬದಲಾವಣೆಯೂ ಒಂದು ತಾರೀಖು ಇದ್ದಂತೆ.

ಇಂಗ್ಲಿಷಿನಲ್ಲಿ 'ಮೈಸೂರ್ ಸ್ಟೇಟ್' ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು, ರಾಜ್ಯ ಕರ್ನಾಟಕವಾದದ್ದು ಅಂದು. 'ಕಡೂರು ಜಿಲ್ಲೆ' ಎಂದಿದ್ದರೆ ಇನ್ನೂ ಹಳೆಯದು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರು ಅದು. 'ಅಮಲ್ದಾರ್ ಕಚೇರಿ' ಎಂದರೆ ಹಳೇ ಮೈಸೂರಿನ ತಾಲ್ಲೂಕು ಕಚೇರಿ, ಈಗಿನ ತಹಸೀಲ್ದಾರರ ಜಾಗದಲ್ಲಿ ಆಗ ಅಮಲ್ದಾರರಿದ್ದರು. ಪಟೇಲ, ಶಾನುಭೋಗ, ತೋಟಿ, ತಳವಾರ ಇಂಥ ವಂಶಪಾರಂಪರ್ಯದ ಹುದ್ದೆಯ ಹೆಸರು ಕಂಡರೆ 1963ರ ಫೆಬ್ರವರಿಗಿಂತ ಮುಂಚಿನದು. ಆ ಹುದ್ದೆಗಳು ರದ್ದಾದದ್ದು ಆಗ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು.

ಗಂಡಭೇರುಂಡ ಕಂಡರೆ ಮಹಾರಾಜರ ಕಾಲದ್ದು ಎಂದು ಹಾರಿಬಿಡಬೇಡಿ. ಆ ಹಕ್ಕಿ ಇವತ್ತಿನ ಕರ್ನಾಟಕದ ಲಾಂಛನದಲ್ಲೂ ಇದೆ. ಅದರ ಕೆಳಗಿನ ಮಾತು ಓದಿ. 'ನ ಬಿಭೇತಿ ಕದಾಚನ' ಎಂದಿದ್ದರೆ ಒಡೆಯರದ್ದು. 'ಸತ್ಯಮೇವ ಜಯತೇ' ಎಂದಿದ್ದರೆ, ಮೇಲೆ ಅಶೋಕನ ಸಿಂಹಗಳಿದ್ದರೆ, ಗಣರಾಜ್ಯವಾದ ಮೇಲಿನದು.

ವಿದ್ಯುತ್ ಕಂಬಗಳಿಂದ ಬಿದ್ದ ನಂಬರ್ ತಗಡುಗಳು ನಮ್ಮಲ್ಲಿ ಬೇಕಾದಷ್ಟು ಸಿಗುತ್ತವೆ. ಹಿರಿಯರು ಈಗಲೂ ಕೆಇಬಿ ಎಂದೇ ಹೇಳುತ್ತಾರೆ. ಆದರೆ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಿಂದ ನಮ್ಮ ಕಡೆ ಕರೆಂಟ್ ಹಂಚುವುದು ಮೆಸ್ಕಾಂ. ಕೆಇಬಿಗೂ ಮುಂಚೆ, 1957ರಿಂದ, ಅದು ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ. ನಾಲ್ಕು ಹೆಸರು, ನಾಲ್ಕು ಕಾಲ.

ರೈಲಿನದೂ ಹಾಗೇ. ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂದದ್ದು 1899ರಲ್ಲಿ. 'ಎಂ.ಎಸ್.ಆರ್.' ಎಂದರೆ ಮೈಸೂರು ಸ್ಟೇಟ್ ರೈಲ್ವೆ. ಅದು 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ರೈಲಿನ ಗುರುತಿರುವ ಏನೇ ಸಿಕ್ಕರೂ ಮೈಸೂರಿನ ರೈಲು ಮ್ಯೂಸಿಯಂ ಅನ್ನು ಒಮ್ಮೆ ನೋಡಿ ಬನ್ನಿ. ಅಂಥದ್ದೇ ವಸ್ತು ಕಣ್ಣಿಗೆ ಬೀಳುವ ಸಾಧ್ಯತೆ ಅಲ್ಲಿ ಜಾಸ್ತಿ.

ಭದ್ರಾವತಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ವಸ್ತು ಸಿಕ್ಕ ಜಾಗ ಹೇಗೆ ದಾರಿ ತಪ್ಪಿಸಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಕಬ್ಬಿಣದ ಕಾರ್ಖಾನೆ ಶುರುವಾದದ್ದು 1923ರ ಜನವರಿಯಲ್ಲಿ, ಮೈಸೂರು ಕಬ್ಬಿಣ ಕಾರ್ಖಾನೆ ಎಂಬ ಹೆಸರಿನಲ್ಲಿ. ಆಮೇಲೆ ಉಕ್ಕೂ ಹೆಸರಿಗೆ ಸೇರಿತು. 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು, 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್‌ನಲ್ಲಿ ವಿಲೀನವಾಯಿತು. ಹಾಗಾಗಿ ಮೊದಲಕ್ಷರ ನೋಡಿಯೇ ಕಾಲ ಹೇಳಬಹುದು. ಆದರೆ ಆ ಕಾರ್ಖಾನೆಯ ಟೋಕನ್ ಭದ್ರಾವತಿಯಿಂದ ಎಷ್ಟೋ ದೂರದ ಕಾಡಿನಲ್ಲಿ ಸಿಕ್ಕರೆ? ಸುಳ್ಳು ಎಂದುಕೊಳ್ಳಬೇಡಿ. ಬೇರೆ ಕಡೆ ಕಬ್ಬಿಣ ಕರಗಿಸಲು ಕಲ್ಲಿದ್ದಲು ಮೂಲದ ಕೋಕ್ ಹಾಕುತ್ತಿದ್ದರು. ನಮ್ಮಲ್ಲಿ ಕಲ್ಲಿದ್ದಲು ಇರಲಿಲ್ಲ, ಮರ ಇತ್ತು. ಕುಲುಮೆಗೆ ಹೋದದ್ದು ಮಲೆನಾಡಿನ ಸೌದೆಯ ಇದ್ದಿಲು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಅಂದರೆ ಕಾರ್ಖಾನೆಯ ಕೈ ಕಾಡಿನೊಳಗೆ ಬಹಳ ದೂರ ಚಾಚಿತ್ತು. ಮರ ಕಡಿದವರು, ಹೊತ್ತವರು, ಟ್ರಾಲಿ ತಳ್ಳಿದವರು ಎಲ್ಲ ಕಾಡಿನಲ್ಲೇ ಇದ್ದರು. ಕಾರ್ಖಾನೆಯ ಬಿಲ್ಲೆ ಗೇಟಿನ ಹತ್ತಿರವೇ ಬೀಳಬೇಕು ಎಂದೇನಿಲ್ಲ.

ಶರಾವತಿ ಕಡೆಯೂ ಅಷ್ಟೇ. ಲಿಂಗನಮಕ್ಕಿಯ ನೀರು ಬೇಸಿಗೆಯಲ್ಲಿ ಇಳಿದಾಗ ಹಿರೇಭಾಸ್ಕರದ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ. ಆ ದಂಡೆಗಳಲ್ಲಿ ಸಿಗುವ ತುಂಡು ಅಣೆಕಟ್ಟು ಕಟ್ಟಿದವರದ್ದೂ ಆಗಿರಬಹುದು, ಮುಳುಗಿದ ಊರಿನ ಯಾವುದೋ ಮನೆಯ ಪೆಟ್ಟಿಗೆಯದ್ದೂ ಆಗಿರಬಹುದು.

ಈಗ ಕಾನೂನಿನ ಮಾತು. ಚಿನ್ನ, ಬೆಳ್ಳಿ, ನಾಣ್ಯದ ಗಂಟು, ಹಳೇ ಅಕ್ಷರದ ತಾಮ್ರಪಟ ಸಿಕ್ಕರೆ ಮುಚ್ಚಿಡುವಂತಿಲ್ಲ. ನಮ್ಮ ರಾಜ್ಯದಲ್ಲಿ 1962ರ ನಿಧಿ ಕಾಯ್ದೆ ಇದೆ, ತಾಲ್ಲೂಕು ಆಡಳಿತಕ್ಕೋ ಪೊಲೀಸರಿಗೋ ತಿಳಿಸಿ ಜಿಲ್ಲಾಧಿಕಾರಿಗೆ ವಿಷಯ ಮುಟ್ಟಿಸಬೇಕು. ಇತಿಹಾಸದ ದೃಷ್ಟಿಯಿಂದ ಮಹತ್ವದ, 100 ವರ್ಷ ದಾಟಿದ ವಸ್ತುಗಳು 1972ರ ಕಾಯ್ದೆಯ ಲೆಕ್ಕದಲ್ಲಿ ಪುರಾತನ ವಸ್ತು, ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಮೆಟಲ್ ಡಿಟೆಕ್ಟರ್ ಹಿಡಿದು ಅಗೆಯುವ ವಿದೇಶಿ ವಿಡಿಯೋಗಳನ್ನು ನೋಡಿ ನಮ್ಮ ಹುಡುಗರಿಗೂ ಆಸೆ ಹುಟ್ಟುತ್ತದೆ. ಕವಲೇದುರ್ಗ, ನಗರದ ಕೋಟೆ, ಇಕ್ಕೇರಿ, ಕೆಳದಿ, ಬಳ್ಳಿಗಾವಿ ಇವೆಲ್ಲ ರಕ್ಷಿತ ಜಾಗಗಳು. ಅಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನಿಧಿ ಆಸೆಗೆ ಬಿದ್ದು ಗುಡಿಗಳ ಪೀಠ ಕಿತ್ತು ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಸಂದೇಹವಿದ್ದರೆ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಮ್ಯೂಸಿಯಂ, ಕೆಳದಿಯ ಮ್ಯೂಸಿಯಂ ಇವೆ, ಅಲ್ಲಿ ತೋರಿಸಬಹುದು.

ನಮ್ಮ ಬಿಲ್ಲೆಗೆ ಬರುತ್ತೇನೆ. ಟಾರ್ಚಿನ ಬೆಳಕಿನಲ್ಲಿ ಮೇಲಿನ ಕಮಾನಿನಲ್ಲಿ ಇಂಗ್ಲಿಷ್ ಅಕ್ಷರ ಅರ್ಧ ಕಂಡಿತು: 'ಸಿಪಲ್'. ಉಳಿದದ್ದು ತಿಂದುಹೋಗಿತ್ತು. ಮುನಿಸಿಪಲ್ ಎಂದು ತುಂಬಿಕೊಳ್ಳಲು ಕಷ್ಟವಿರಲಿಲ್ಲ. ನಡುವೆ ಕೈಯಿಂದ ಹೊಡೆದ ನಂಬರ್, 283. ಕೆಳಗೆ ಅಚ್ಚಿನಲ್ಲಿ '61-62'. ಎರಡು ವರ್ಷ ಜೋಡಿಸಿ ಬರೆದಿದ್ದಾರೆ ಎಂದರೆ ಅದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದ ವರ್ಷ. ಲೆಕ್ಕದ ವರ್ಷ ಇದೆ ಎಂದರೆ ತೆರಿಗೆ ಇದೆ. ವರ್ಷ ವರ್ಷ ತೆರಿಗೆ ಕಟ್ಟಿ, ಕೊಳವೆಗೆ ಬಿಗಿದುಕೊಳ್ಳುವ ಪುರಸಭೆಯ ಬಿಲ್ಲೆ ಯಾವುದು?

ಪಕ್ಕದ ಮನೆಯ ಹಿರಿಯರು ಕೈಗೆ ತೆಗೆದುಕೊಂಡು ಒಂದು ಗಳಿಗೆಯೂ ಯೋಚಿಸಲಿಲ್ಲ. "ಸೈಕಲ್ ಬಿಲ್ಲೆ ಅಲ್ವಾ ಇದು!" ಎಂದರು. ಆಗ ಸೈಕಲ್ಲಿಗೂ ತೆರಿಗೆ ಇತ್ತು. ಕಟ್ಟಿದವರಿಗೆ ಬಿಲ್ಲೆ ಕೊಡುತ್ತಿದ್ದರು. ಹೋದ ವರ್ಷದ್ದನ್ನೇ ಇಟ್ಟುಕೊಂಡು ಓಡಾಡಬಾರದು ಎಂದು ಆಕಾರ ಬದಲಾಯಿಸುತ್ತಿದ್ದರು, ದೂರದಿಂದಲೇ ಗೊತ್ತಾಗಲಿ ಎಂದು. ಬಿಲ್ಲೆ ಇಲ್ಲದ ಸೈಕಲ್ ಹಿಡಿದರೆ ಗಾಳಿ ಬಿಟ್ಟು ನಿಲ್ಲಿಸುತ್ತಿದ್ದರಂತೆ. ಅವರ ಅಣ್ಣ ಪೇಟೆಯಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಸೈಕಲ್ ತುಳಿದು ಊರಿಗೆ ಬರುತ್ತಿದ್ದರು, ನಮ್ಮ ತೋಟದ ದಂಡೆಯೇ ಆಗ ದಾರಿ. ಆ ಬಿಲ್ಲೆ ಅವರದ್ದೇ ಎಂದು ಹೇಳಲಾಗದು. ಆದರೆ ಆ ವರ್ಷ ಈ ದಂಡೆಯ ಮೇಲೆ ಸೈಕಲ್ ಹೊಡೆದವರು ಇಬ್ಬರೋ ಮೂವರೋ ಅಷ್ಟೇ ಎಂದು ಅವರು ಬೆರಳು ಮಡಿಸಿ ಎಣಿಸಿದರು.

ಬಿಲ್ಲೆ ಈಗ ಒಂದು ಸಣ್ಣ ಡಬ್ಬಿಯಲ್ಲಿದೆ. ಒಳಗೆ ಒಂದು ಚೀಟಿ ಹಾಕಿದ್ದೇನೆ: ಕೆಳಗಿನ ತೋಟ, ಮೂರನೇ ಕಪ್ಪು, ಹಳೇ ಕಾಲುದಾರಿಯಿಂದ ನಾಲ್ಕು ಹೆಜ್ಜೆ, ಒಂದೂವರೆ ಅಡಿ ಆಳ. ಹಿತ್ತಾಳೆ, 13.6 ಗ್ರಾಂ. ಸೈಕಲ್ ತೆರಿಗೆ, 1961-62. ನಂಬರ್ 283.